ಉತ್ತರದ ಗಾಳಿ ಮತ್ತು ಬೆಚ್ಚನೆಯ ಮಡು

ಅಮೆರಿಕದ ಫ್ಲೋರಿಡಾ ರಾಜ್ಯದ ದಕ್ಷಿಣ ತುದಿಯಲ್ಲಿ ಚಳಿಗಾಲವೆಂದರೆ ಪ್ರವಾಸಿಗರ ಸುಗ್ಗಿ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆ ಕಡಿಮೆ, ಸೊಳ್ಳೆ ಕಾಟವೂ ಕಡಿಮೆ, ಹಗಲಿನ ಬಿಸಿ 24–25 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಉತ್ತರದ ಊರುಗಳು ಹಿಮದಡಿ ಹೂತಿರುವ ಈ ತಿಂಗಳುಗಳಲ್ಲಿ ಜನ ಇಲ್ಲಿಗೆ ಇಳಿದು ಬರುತ್ತಾರೆ. ಎವರ್‌ಗ್ಲೇಡ್ಸ್‌ನ ಕಾಂಡ್ಲಾ ಕಾಡಿನ ಒಳಗಿನ ತೊರೆ, ಹಿನ್ನೀರು, ಅಳಿವೆಗಳಲ್ಲಿ ಗಾಳ ಹಾಕಲು ಒಬ್ಬ ಗೈಡನ್ನು ಗೊತ್ತು ಮಾಡಿಕೊಳ್ಳುತ್ತಾರೆ. ಆದರೆ ಇದೇ ತಿಂಗಳುಗಳಲ್ಲಿ, ಹೆಚ್ಚುಕಡಿಮೆ ವಾರಕ್ಕೊಮ್ಮೆ, ಉತ್ತರದಿಂದ ಶೀತ ಮಾರುತವೊಂದು ಬಂದು ಅಪ್ಪಳಿಸುತ್ತದೆ. ಕೆಲವು ಗಂಟೆಗಳಲ್ಲೇ ಗಾಳಿಯ ದಿಕ್ಕು, ನೀರಿನ ಮಟ್ಟ, ಮೀನಿನ ಹಸಿವು ಎಲ್ಲ ಬದಲಾಗುತ್ತವೆ. ಹೊರಗಿನಿಂದ ನೋಡುವವರಿಗೆ ಗೈಡ್ ಎಂದರೆ ಮೀನಿರುವ ಜಾಗ ತೋರಿಸುವವರು. ಚಳಿಗಾಲದ ಮಟ್ಟಿಗೆ ಆ ಮಾತು ಅರ್ಧ ಮಾತ್ರ ನಿಜ. ನೀರು ತಣ್ಣಗಾದಷ್ಟೂ ಮೀನು ಒತ್ತೊತ್ತಾಗಿ ಕೆಲವೇ ಕಡೆ ಸೇರುತ್ತದೆ, ಜಾಗ ಬಲ್ಲವರಿಗೆ ಸುಲಭವಾಗಿ ಸಿಗುತ್ತದೆ. ಅದೇ ಹೊತ್ತಿಗೆ ಅದರ ಕಸುವೂ ಕುಂದಿರುತ್ತದೆ. ಹಾಗಾಗಿ ಎಲ್ಲಿ ಗಾಳ ಹಾಕಬೇಕೆಂದು ಬಲ್ಲವರ ಮೇಲೆಯೇ ಯಾವ ದಿನ ಹಾಕಬಾರದೆಂದು ಹೇಳುವ ಹೊಣೆಯೂ ಬೀಳುತ್ತದೆ. ಆ ಹೊಣೆಯನ್ನು ಅವರ ಒಳ್ಳೆಯತನಕ್ಕೆ ಬಿಟ್ಟು ಸುಮ್ಮನಿರಬಾರದು, ಅದು ನಿಯಮವಾಗಬೇಕು ಎಂಬುದು ಈ ಬರಹದ ವಾದ.

ಮೊದಲು ಆ ನೀರಿನ ಸ್ವರೂಪ ತಿಳಿಯಬೇಕು. 1947ರಲ್ಲಿ ಉದ್ಘಾಟನೆಯಾದ ಎವರ್‌ಗ್ಲೇಡ್ಸ್ ರಾಷ್ಟ್ರೀಯ ಉದ್ಯಾನದ ವಿಸ್ತಾರ ಸುಮಾರು 6,100 ಚದರ ಕಿಲೋಮೀಟರ್. ಅದರಲ್ಲಿ ದೊಡ್ಡ ಪಾಲು ನೆಲವೆಂದೂ ಹೇಳಲಾಗದ, ಕಡಲೆಂದೂ ಹೇಳಲಾಗದ ಜಾಗ. ಪಶ್ಚಿಮದಲ್ಲಿ ಎವರ್‌ಗ್ಲೇಡ್ಸ್ ಸಿಟಿ, ಚೊಕೊಲೊಸ್ಕೀ ಎಂಬ ಪುಟ್ಟ ಊರುಗಳ ಎದುರಿಗೆ ‘ಹತ್ತು ಸಾವಿರ ದ್ವೀಪಗಳು’ ಎಂದೇ ಹೆಸರಾದ ಕಾಂಡ್ಲಾ ಕುದುರುಗಳ ಗೋಜಲು. ದಕ್ಷಿಣದಲ್ಲಿ ಫ್ಲೆಮಿಂಗೊ ಎಂಬ ದೋಣಿಗಟ್ಟೆ, ಅದರಾಚೆಗೆ ಫ್ಲೋರಿಡಾ ಕೊಲ್ಲಿ. ಇವೆರಡರ ನಡುವೆ ಕಾಡಿನ ಒಳಗೊಳಗೇ ಸಾಗುವ ಜಲಮಾರ್ಗದ ಉದ್ದ 99 ಮೈಲಿ, ಅಂದರೆ ಸುಮಾರು 160 ಕಿಲೋಮೀಟರ್. ಕೊಲ್ಲಿ 2,200 ಚದರ ಕಿಲೋಮೀಟರ್‌ನಷ್ಟು ಹರಡಿಕೊಂಡಿದ್ದರೂ ಅದರ ಸರಾಸರಿ ಆಳ ಸುಮಾರು ಒಂದು ಮೀಟರ್ ಅಷ್ಟೇ. ಅನೇಕ ಕಡೆ ಮೊಣಕಾಲು ಮುಳುಗುವಷ್ಟೂ ನೀರಿರುವುದಿಲ್ಲ. ಇಲ್ಲಿ ಓಡುವ ಸ್ಕಿಫ್ ದೋಣಿಗಳು ಒಂದಡಿಗಿಂತ ಕಡಿಮೆ ನೀರಿನಲ್ಲೂ ತೇಲುವಂತೆ ಕಟ್ಟಿದವು. ಹಿಂಬದಿಯ ಎಂಜಿನ್ ಮೇಲೊಂದು ಪುಟ್ಟ ಅಟ್ಟಣಿಗೆ. ಗೈಡ್ ಅದರ ಮೇಲೆ ನಿಂತು ಉದ್ದನೆಯ ಗಳದಿಂದ ತಳವನ್ನೊತ್ತಿ, ಸದ್ದಾಗದಂತೆ ದೋಣಿ ದೂಡುತ್ತ ನೀರೊಳಗಿನ ನೆರಳುಗಳನ್ನು ಓದುತ್ತಾರೆ. ಹಣ ಪಡೆದು ಜನರನ್ನು ಕರೆದೊಯ್ಯಲು ಅಮೆರಿಕದ ಕರಾವಳಿ ಕಾವಲು ಪಡೆಯ ಪರವಾನಗಿ ಬೇಕು, ಉದ್ಯಾನದೊಳಗೆ ಕೆಲಸ ಮಾಡಲು ಉದ್ಯಾನದ ಅನುಮತಿ ಬೇರೆ ಬೇಕು. ಈ ಕಸುಬು ಆಗಲೇ ಕಾನೂನಿನ ಕಣ್ಣಳತೆಯಲ್ಲಿದೆ ಎಂಬುದನ್ನು ನೆನಪಿಟ್ಟುಕೊಳ್ಳೋಣ, ಮುಂದೆ ಬೇಕಾಗುತ್ತದೆ.

ಶೀತ ಮಾರುತ ಬರುವ ಹಿಂದಿನ ದಿನ ಗಾಳಿ ದಕ್ಷಿಣದಿಂದ, ಆಮೇಲೆ ನೈಋತ್ಯದಿಂದ ಬೀಸುತ್ತದೆ. ಸೆಕೆ ಏರುತ್ತದೆ, ವಾಯುಭಾರ ಇಳಿಯುತ್ತದೆ. ಈ ಹೊತ್ತಿನಲ್ಲಿ ಮೀನು ಹೊಟ್ಟೆಬಾಕನ ಹಾಗೆ ತಿನ್ನುತ್ತದೆ ಎಂಬುದು ಗೈಡ್‌ಗಳೆಲ್ಲ ಒಪ್ಪುವ ಮಾತು. ಬಳಿಕ ಮೋಡದ ಸಾಲು, ಒಂದಿಷ್ಟು ಮಳೆ. ಗಾಳಿ ವಾಯವ್ಯಕ್ಕೆ, ಅಲ್ಲಿಂದ ಉತ್ತರಕ್ಕೆ, ಕೊನೆಗೆ ಈಶಾನ್ಯಕ್ಕೆ ಹೊರಳುತ್ತದೆ. ಆಕಾಶ ತೊಳೆದಿಟ್ಟಂತೆ ನೀಲಿಯಾಗುತ್ತದೆ. ನೋಡಲು ಇಷ್ಟು ಚೆಂದದ ದಿನ ಇನ್ನೊಂದಿಲ್ಲ. ಮೀನಿನ ಪಾಲಿಗೆ ಇದೇ ಕಷ್ಟದ ದಿನ. ಒಣಗಾಳಿ ನೀರನ್ನು ಆವಿ ಮಾಡುತ್ತ ಶಾಖವನ್ನು ಹೀರುತ್ತದೆ, ಮೋಡವಿಲ್ಲದ ರಾತ್ರಿಯಲ್ಲಿ ಉಳಿದ ಶಾಖವೂ ಆಕಾಶಕ್ಕೆ ಹೋಗುತ್ತದೆ. ತಟ್ಟೆಗೆ ಸುರಿದ ಕಾಫಿ ಲೋಟದಲ್ಲಿರುವುದಕ್ಕಿಂತ ಬೇಗ ಆರುವಂತೆ, ಆಳವಿಲ್ಲದ ಬಯಲುನೀರು ಪಕ್ಕದ ಆಳದ ಕಾಲುವೆಗಿಂತ ಎಷ್ಟೋ ಬೇಗ ತಣ್ಣಗಾಗುತ್ತದೆ. ಅದರ ಮೇಲೆ ಉತ್ತರದ ಗಾಳಿ ನೀರನ್ನೇ ತೀರದಿಂದ ಹೊರಕ್ಕೆ ದೂಡುತ್ತದೆ. ಕೋಷ್ಟಕದಲ್ಲಿ ಬರೆದ ಇಳಿತಕ್ಕಿಂತಲೂ ಕೆಳಗೆ ನೀರು ಇಳಿದು, ನಿನ್ನೆ ದೋಣಿ ಓಡಿದ ಜಾಗದಲ್ಲಿ ಇಂದು ಕೆಸರು ಕಾಣುತ್ತದೆ. ಆ ಕೆಸರಿನ ಮೇಲೆ ನೂರಾರು ಹಕ್ಕಿಗಳು ಇಳಿದು ಮೇಯುವ ನೋಟಕ್ಕಾಗಿಯೇ ಬರುವವರೂ ಇದ್ದಾರೆ. ಎರಡು ಮೂರು ದಿನ ಕಳೆದು ಗಾಳಿ ಪೂರ್ವಕ್ಕೆ ತಿರುಗಿದರೆ ಬಿಸಿಲು ಮತ್ತೆ ಬಯಲುನೀರನ್ನು ಕಾಯಿಸುತ್ತದೆ, ಮೀನು ಹಿಂತಿರುಗುತ್ತದೆ, ಅಷ್ಟರಲ್ಲಿ ಇನ್ನೊಂದು ಶೀತ ಮಾರುತದ ಸುದ್ದಿ ಬರುತ್ತದೆ. ಇಡೀ ಚಳಿಗಾಲ ಹೀಗೆ ಉಸಿರೆಳೆದು ಬಿಟ್ಟಂತೆ ಸಾಗುತ್ತದೆ.

ಈ ಏರಿಳಿತದ ಬಿಸಿ ತಟ್ಟುವುದು ಎಲ್ಲ ಮೀನಿಗೂ ಒಂದೇ ಥರ ಅಲ್ಲ. ಶೀಪ್ಸ್‌ಹೆಡ್, ಬ್ಲ್ಯಾಕ್ ಡ್ರಮ್, ರೆಡ್‌ಫಿಷ್, ಚುಕ್ಕೆ ಸೀಟ್ರೌಟ್ ಇವೆಲ್ಲ ತಕ್ಕಮಟ್ಟಿಗೆ ಚಳಿ ತಡೆಯಬಲ್ಲವು. ಸ್ನೂಕ್ ಹಾಗಲ್ಲ. ಕಿವಿರಿನಿಂದ ಬಾಲದವರೆಗೆ ಒಂದು ಕಪ್ಪು ಗೆರೆ ಎಳೆದುಕೊಂಡ, ಕೆಳದವಡೆ ಮುಂಚಾಚಿದ ಈ ಬೆಳ್ಳಿ ಮೀನು ಅಪ್ಪಟ ಉಷ್ಣವಲಯದ್ದು; ಫ್ಲೋರಿಡಾ ಅದರ ಸೀಮೆಯ ಉತ್ತರದ ಅಂಚು. ನಮ್ಮ ದೇಶದ ಅಳಿವೆಗಳಲ್ಲಿ ಸಿಗುವ ಬಾರಮುಂಡಿ, ಅಂದರೆ ಏಷ್ಯನ್ ಸೀಬಾಸ್, ಇದರ ದೂರದ ನೆಂಟ. ಎರಡನ್ನೂ ಹಿಂದೆ ವಿಜ್ಞಾನಿಗಳು ಒಂದೇ ಕುಟುಂಬಕ್ಕೆ ಸೇರಿಸಿದ್ದರು. ಕರ್ನಾಟಕದ ಕಡಲು ಯಾವ ಡಿಸೆಂಬರ್‌ನಲ್ಲೂ ಬೆಚ್ಚಗೇ ಇರುವುದರಿಂದ ನಮ್ಮ ಬಾರಮುಂಡಿಗೆ ಈ ಸಂಕಟದ ಪರಿಚಯವೇ ಇಲ್ಲ. ಸ್ನೂಕ್‌ಗೆ ಮೈಯ ಬಿಸಿಯನ್ನು ತಾನೇ ಕಾಯ್ದುಕೊಳ್ಳುವ ಉಪಾಯವಿಲ್ಲ, ನೀರಿನ ಬಿಸಿಯೇ ಅದರ ಬಿಸಿ. ಪ್ರಯೋಗಾಲಯದಲ್ಲಿ ಮರಿಗಳನ್ನು ನೋಡಿದಾಗ ಸುಮಾರು 14 ಡಿಗ್ರಿಯಲ್ಲಿ ಅವು ತಿನ್ನುವುದನ್ನು ನಿಲ್ಲಿಸಿದವು, 13ರ ಕೆಳಗೆ ಇಳಿಯುತ್ತಿದ್ದಂತೆ ಮೈಯ ಸಮತೋಲ ಕಳೆದುಕೊಂಡವು, ಅಲ್ಲಿಂದ ಸ್ವಲ್ಪವೇ ಕೆಳಗೆ ಸತ್ತವು. ದೊಡ್ಡ ಮೀನು ಇನ್ನಷ್ಟು ತಡೆದೀತು, ಆದರೂ 10 ಡಿಗ್ರಿಯ ನೀರು ಅದಕ್ಕೆ ಮರಣವೇ. ಗಾಳಕ್ಕೆ ಸಿಗುವ ಹದಕ್ಕೂ ಸಾವಿನ ಗೆರೆಗೂ ನಡುವೆ ಇರುವುದು ಕೆಲವೇ ಡಿಗ್ರಿ. ಇಡೀ ಚರ್ಚೆ ನಿಂತಿರುವುದು ಈ ಕಿರಿದಾದ ಅಂತರದ ಮೇಲೆ.

ಆ ಅಂತರದಲ್ಲಿ ಬದುಕಲು ಸ್ನೂಕ್ ಶಾಖವನ್ನು ಹುಡುಕಿಕೊಂಡು ಹೋಗುತ್ತದೆ. ಬೇಸಿಗೆಯಲ್ಲಿ ಅಳಿವೆಯ ಬಾಯಿಗೆ ಬಂದು ಮೊಟ್ಟೆಯಿಡುವ ಮೀನು ಚಳಿಗಾಲಕ್ಕೆ ನದಿಗಳ ಒಳಭಾಗ, ಕಾಂಡ್ಲಾ ತೊರೆಗಳ ತಿರುವಿನ ಮಡು, ಆಳದ ಕಾಲುವೆ, ಬುಗ್ಗೆಗಳು, ವಿದ್ಯುತ್ ಸ್ಥಾವರದ ಬಿಸಿನೀರು ಬೀಳುವ ನಾಲೆ ಇಂಥ ಕಡೆ ಸೇರಿಕೊಳ್ಳುತ್ತದೆ. ಗೈಡ್‌ಗಳ ವಿದ್ಯೆ ಇರುವುದು ಇದನ್ನು ಮೊದಲೇ ಊಹಿಸುವುದರಲ್ಲಿ. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ; ಆದ್ದರಿಂದ ಕೊಲ್ಲಿಯ ಉತ್ತರದ ದಡ ಬಿಸಿಲಿಗೆ ಮುಖ ಮಾಡಿ, ಗಾಳಿಗೆ ಬೆನ್ನು ಕೊಟ್ಟು ನಿಂತಿರುತ್ತದೆ. ಬಿಳಿ ಮರಳಿನ ತಳಕ್ಕಿಂತ ಕಪ್ಪು ಕೆಸರಿನ ತಳ ಬಿಸಿಲನ್ನು ಹೆಚ್ಚು ಹಿಡಿದಿಡುತ್ತದೆ. ಬೇಸಿಗೆಯಲ್ಲಿ ಬೆಳಗಿನ ಜಾವ ಶ್ರೇಷ್ಠವಾದರೆ ಚಳಿಯ ದಿನ ಮಧ್ಯಾಹ್ನದವರೆಗೆ ಕಾಯಬೇಕು. ಒಂದು ಡಿಗ್ರಿ, ಅರ್ಧ ಡಿಗ್ರಿ ಬಿಸಿ ಏರಿದರೂ ಅಲ್ಲಿಯವರೆಗೆ ಕಲ್ಲಿನಂತೆ ನಿಂತಿದ್ದ ಮೀನು ಅಲುಗಾಡುತ್ತದೆ. ತಣ್ಣೀರಿನಲ್ಲಿ ಮೀನು ಬೇಟೆಯನ್ನು ಅಟ್ಟಿಸಿಕೊಂಡು ಹೋಗುವುದಿಲ್ಲ, ಹೀಗಾಗಿ ಜೀವಂತ ಸಿಗಡಿಯನ್ನೋ ಪುಟ್ಟ ಕೃತಕ ಎರೆಯನ್ನೋ ಅದರ ಮೂತಿಯ ಮುಂದೆ ತೀರ ನಿಧಾನವಾಗಿ ಎಳೆಯಬೇಕು. ಇದು ವರ್ಷಾನುವರ್ಷ ಅದೇ ನೀರಿನಲ್ಲಿ ಗಳ ಹಾಕಿ ಸಂಪಾದಿಸಿದ ಅರಿವು. ಆಳ ತೋರಿಸುವ ಯಂತ್ರ, ಉಪಗ್ರಹದ ನಕಾಶೆ ಎಲ್ಲ ಈಗ ಯಾರ ಕೈಯಲ್ಲೂ ಇವೆ. ಆದರೆ ಉತ್ತರದ ಗಾಳಿ ಎದ್ದ ಎರಡನೆಯ ದಿನ ಯಾವ ತೊರೆಯ ಯಾವ ಮಗ್ಗುಲು ಬೆಚ್ಚಗಿರುತ್ತದೆ ಎಂಬುದು ನಕಾಶೆಯಲ್ಲಿ ಇರುವುದಿಲ್ಲ.

ಈ ಅರಿವಿನ ಬಗ್ಗೆ ನನಗೆ ನಿಜವಾದ ಗೌರವವಿದೆ. ಆದರೆ ಅದರ ಇನ್ನೊಂದು ಮುಖವನ್ನೂ ನೋಡಬೇಕು. ಬೇಸಿಗೆಯಲ್ಲಿ ಇಡೀ ಕರಾವಳಿಯಲ್ಲಿ ಚದುರಿರುವ ಸ್ನೂಕ್ ಚಳಿಗೆ ಒಂದು ಮಡುವಿನಲ್ಲಿ ಒತ್ತಾಗಿ ನಿಂತಾಗ, ಆ ಮಡುವಿನ ಗುಟ್ಟು ಬಲ್ಲವರ ಕೈಗೆ ಇಡೀ ಹಿಂಡಿನ ಬೀಗದ ಕೈ ಸಿಕ್ಕಂತಾಗುತ್ತದೆ. ಸ್ನೂಕ್‌ನ ಬದುಕಿನ ಕ್ರಮವೂ ಇದಕ್ಕೆ ಸೇರಿಕೊಳ್ಳುತ್ತದೆ: ಈ ಮೀನು ಗಂಡಾಗಿ ಬಲಿತು, ಮುಂದೆ ಬೆಳೆದಂತೆ ಹೆಣ್ಣಾಗುತ್ತದೆ. ಆದ್ದರಿಂದ ಅತಿ ದೊಡ್ಡ ಮೀನುಗಳು ಬಹುಮಟ್ಟಿಗೆ ಹೆಣ್ಣುಗಳು, ಮುಂದಿನ ಪೀಳಿಗೆಯ ಮೊಟ್ಟೆಗಳು ಅವುಗಳ ಹೊಟ್ಟೆಯಲ್ಲಿವೆ. ಫ್ಲೋರಿಡಾ ಇದನ್ನು ಬಹಳ ಹಿಂದೆಯೇ ಅರಿತಿತ್ತು. 1957ರಲ್ಲೇ ಸ್ನೂಕ್ ಮಾರಾಟವನ್ನು ನಿಷೇಧಿಸಿತು. ಇಂದು ನಿಗದಿತ ಉದ್ದದ ಮಿತಿಯೊಳಗಿನ ಒಂದೇ ಮೀನನ್ನು ದಿನಕ್ಕೆ ಒಬ್ಬರು ಇಟ್ಟುಕೊಳ್ಳಬಹುದು. ಅದಕ್ಕಿಂತ ದೊಡ್ಡದನ್ನೂ ಚಿಕ್ಕದನ್ನೂ ಬಿಡಬೇಕು. ಬಾಡಿಗೆ ದೋಣಿಯ ಗೈಡ್ ತನ್ನ ಪಾಲೆಂದು ಒಂದನ್ನೂ ಇಟ್ಟುಕೊಳ್ಳುವಂತಿಲ್ಲ. ದಕ್ಷಿಣದ ಗಲ್ಫ್ ತೀರದಲ್ಲಿ ಡಿಸೆಂಬರ್‌ನಿಂದ ಫೆಬ್ರವರಿ ಕೊನೆಯವರೆಗೆ ಸ್ನೂಕನ್ನು ಮನೆಗೆ ಒಯ್ಯುವುದೇ ಅಪರಾಧ. ಆದರೆ ಈ ನಿಷೇಧ ಮೀನನ್ನು ಒಯ್ಯುವುದಕ್ಕೆ ಮಾತ್ರ. ಹಿಡಿದು ಬಿಡುವುದಕ್ಕೆ ಅಡ್ಡಿಯಿಲ್ಲ, ಅತಿ ಚಳಿಯ ದಿನ ಅದೇ ಮಡುವಿನಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಗಾಳ ಹಾಕುವುದಕ್ಕೂ ಅಡ್ಡಿಯಿಲ್ಲ.

2010ರ ಜನವರಿ ಈ ಎಲ್ಲ ಲೆಕ್ಕಾಚಾರವನ್ನು ಪರೀಕ್ಷೆಗೆ ಒಡ್ಡಿತು. ಸಾಮಾನ್ಯವಾಗಿ ಎರಡು ಮೂರು ದಿನಕ್ಕೆ ಮುಗಿಯುವ ಚಳಿ ಆ ಸಲ ಹತ್ತು ದಿನಕ್ಕೂ ಮೀರಿ ಬಿಡದೆ ಕುಳಿತಿತು. ಬಯಲುನೀರು ಮತ್ತೆ ಕಾಯಲು ಬಿಡುವೇ ಸಿಗದೆ 10 ಡಿಗ್ರಿಯ ಆಸುಪಾಸಿಗೆ ಕುಸಿಯಿತು. ಕಾಂಡ್ಲಾ ಬೇರುಗಳ ನಡುವೆ ಸತ್ತ ಸ್ನೂಕ್‌ಗಳು, ಮರಿ ಟಾರ್ಪನ್‌ಗಳು ತೇಲಿದವು. ಚಳಿಗೆ ಮರಗಟ್ಟಿದ ನಾಲ್ಕು ಸಾವಿರಕ್ಕೂ ಹೆಚ್ಚು ಕಡಲಾಮೆಗಳನ್ನು ಎತ್ತಿ ಆರೈಕೆ ಮಾಡಬೇಕಾಯಿತು. ಫ್ಲೋರಿಡಾ ಕೀಸ್ ದ್ವೀಪಮಾಲೆಯ ಆಳವಿಲ್ಲದ ಹವಳ ದಿಬ್ಬಗಳೂ ಬಿಳಚಿ ಸತ್ತವು. ರಾಜ್ಯದ ಮೀನು ಮತ್ತು ವನ್ಯಜೀವಿ ಸಂರಕ್ಷಣಾ ಆಯೋಗ ತುರ್ತು ಆದೇಶ ಹೊರಡಿಸಿ ಸ್ನೂಕ್ ನಿಷೇಧವನ್ನು ವಿಸ್ತರಿಸಿತು, ಬೋನ್‌ಫಿಷ್ ಮತ್ತು ಟಾರ್ಪನ್‌ಗಳಿಗೂ ತಾತ್ಕಾಲಿಕ ನಿಷೇಧ ಹಾಕಿತು. ಅಟ್ಲಾಂಟಿಕ್ ತೀರದಲ್ಲಿ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸ್ನೂಕ್ ಹಿಡಿದು ಒಯ್ಯಲು ಮತ್ತೆ ಅವಕಾಶ ಸಿಕ್ಕಿತು. ಗಲ್ಫ್ ತೀರ ಮಾತ್ರ 2013ರ ಆಗಸ್ಟ್ ಮುಗಿಯುವವರೆಗೆ ಕಾಯಬೇಕಾಯಿತು. ಆಮೇಲೆ ವಿಜ್ಞಾನಿಗಳು ದಕ್ಷಿಣ ಫ್ಲೋರಿಡಾದ ಐದು ಅಳಿವೆಗಳನ್ನು ಹೋಲಿಸಿ ನೋಡಿದಾಗ, ಒಂದೇ ಚಳಿಗೆ ಐದೂ ಕಡೆ ಬೇರೆ ಬೇರೆ ಪರಿಣಾಮವಾಗಿದ್ದು, ಚೇತರಿಕೆಯ ವೇಗವೂ ಬೇರೆ ಬೇರೆಯಾಗಿದ್ದು ಕಂಡಿತು. ಇದರಿಂದ ನಾನು ತೆಗೆಯುವ ತೀರ್ಮಾನ ಇಷ್ಟು: ಮೀನಿನ ಅಳಿವು ಉಳಿವು ಆಯಾ ಅಳಿವೆಯ ಸ್ಥಿತಿಗೆ ಅಂಟಿಕೊಂಡಿದೆ. ಹಾಗಿದ್ದ ಮೇಲೆ ಬೆಚ್ಚನೆಯ ಮಡುಗಳು ಇಡೀ ತಳಿಯ ಉಗ್ರಾಣವಿದ್ದಂತೆ, ಅಲ್ಲಿ ನಡೆಯುವ ಪ್ರತಿ ಕೆಲಸಕ್ಕೂ ಬೇರೆ ಕಡೆಗಿಂತ ಹೆಚ್ಚಿನ ಬೆಲೆಯಿದೆ.

ಇಲ್ಲಿ ಎದುರಾಗುವ ಮೊದಲ ಆಕ್ಷೇಪ ಗಟ್ಟಿಯಾದದ್ದೇ. ಹಿಡಿದ ಮೀನನ್ನು ಬಿಟ್ಟೇ ಬಿಡುತ್ತಾರಲ್ಲ, ನಷ್ಟವೇನು ಎಂದು ಕೇಳಬಹುದು. ಫ್ಲೋರಿಡಾದಲ್ಲಿ ಗಾಳಕ್ಕೆ ಸಿಕ್ಕು ಬಿಡುಗಡೆಯಾದ ಸ್ನೂಕ್‌ಗಳ ಬಗ್ಗೆ 2001ರಲ್ಲಿ ಪ್ರಕಟವಾದ ಅಧ್ಯಯನ ಹೇಳುವಂತೆ ಹಾಗೆ ಬಿಟ್ಟವುಗಳಲ್ಲಿ ಸತ್ತದ್ದು ನೂರಕ್ಕೆ ಸುಮಾರು ಎರಡು. ಇದು ನಿಜಕ್ಕೂ ಕಡಿಮೆ. ಇನ್ನೊಂದು ಮಾತನ್ನೂ ಒಪ್ಪಬೇಕು: ತಣ್ಣೀರಿನಲ್ಲಿ ಆಮ್ಲಜನಕ ಹೆಚ್ಚು ಕರಗಿರುತ್ತದೆ, ಹಾಗಾಗಿ 18–20 ಡಿಗ್ರಿಯ ಹಿತವಾದ ಚಳಿಗಾಲದ ನೀರಿನಲ್ಲಿ ಸೆಣಸಿ ಸುಸ್ತಾದ ಮೀನು ಆಗಸ್ಟ್‌ನ ಕುದಿಯುವ ನೀರಿಗಿಂತ ಬೇಗ ಸುಧಾರಿಸಿಕೊಳ್ಳಬಹುದು. ಚಳಿಗಾಲದ ಗಾಳದ ಬೇಟೆಯನ್ನೇ ನಿಲ್ಲಿಸಿ ಎನ್ನುವವರ ಪಕ್ಷ ನಾನು ವಹಿಸುವುದಿಲ್ಲ. ಆದರೆ ಆ ‘ನೂರಕ್ಕೆ ಎರಡು’ ಚೆನ್ನಾಗಿ ತಿಂದುಂಡ, ಓಡಾಡಲು ಜಾಗವಿರುವ ಮೀನಿನ ಲೆಕ್ಕ. 14 ಡಿಗ್ರಿಯಲ್ಲಿ ಊಟ ಬಿಟ್ಟು, ಇದ್ದ ಕಸುವನ್ನೆಲ್ಲ ಉಸಿರಾಟಕ್ಕೆ ಮೀಸಲಿಟ್ಟು ನಿಂತ ಮೀನಿಗೆ ಆ ಅಂಕಿಯನ್ನು ಅಂಟಿಸಲಾಗದು. ಹಿಂಡು ಒಂದೇ ಕಡೆ ಇರುವುದರಿಂದ ಅದೇ ಮೀನು ಮತ್ತೆ ಮತ್ತೆ ಗಾಳಕ್ಕೆ ಬೀಳುವ ಸಾಧ್ಯತೆಯೂ ಹೆಚ್ಚು, ಬಿಟ್ಟ ಮೀನು ಚೇತರಿಸಿಕೊಳ್ಳುವ ಮೊದಲೇ ಡಾಲ್ಫಿನ್ನೋ ಶಾರ್ಕೋ ಹಿಡಿಯುವ ಸಾಧ್ಯತೆಯೂ ಹೆಚ್ಚು. ಮೀನನ್ನು ಫೋಟೋಕ್ಕೆಂದು ನೀರಿನಿಂದ ಮೇಲೆತ್ತಿದರೆ ಒದ್ದೆ ಮೈಗೆ ಆ ತಣ್ಣನೆ ಗಾಳಿ ನೇರವಾಗಿ ತಾಗುತ್ತದೆ.

ಎರಡನೆಯ ಆಕ್ಷೇಪ, ಪ್ರಕೃತಿಯೇ ಸಾಲುಸಾಲಾಗಿ ಕೊಲ್ಲುವಾಗ ಗಾಳದವರ ಪಾಲು ಎಷ್ಟು ಎಂಬುದು. 2021ರ ಫೆಬ್ರವರಿಯ ಹಿಮಗಾಳಿಗೆ ಟೆಕ್ಸಾಸ್ ಕರಾವಳಿಯಲ್ಲಿ ಕಡಿಮೆಯೆಂದರೂ 38 ಲಕ್ಷ ಮೀನು ಸತ್ತವೆಂದು ಅಲ್ಲಿನ ಉದ್ಯಾನ ಮತ್ತು ವನ್ಯಜೀವಿ ಇಲಾಖೆ ಅಂದಾಜು ಮಾಡಿತು. ಸತ್ತವುಗಳಲ್ಲಿ 61 ಬಗೆಯ ಜಲಚರಗಳಿದ್ದವು. ಇದರೆದುರು ಒಂದು ದೋಣಿಯ ಇಬ್ಬರು ಹಿಡಿದು ಬಿಟ್ಟ ಹತ್ತು ಮೀನು ಲೆಕ್ಕಕ್ಕೇ ಬರುವುದಿಲ್ಲ ಎನಿಸಬಹುದು. ಆದರೆ ಇಲ್ಲಿ ಲೆಕ್ಕದ ಬುಡವೇ ತಪ್ಪುತ್ತದೆ. ಚಳಿಗೆ ಸಾಯುವುದು ಬೆಚ್ಚನೆಯ ಜಾಗ ಸಿಗದ ಮೀನು. ಗಾಳಕ್ಕೆ ಸಿಗುವುದು ಬೆಚ್ಚನೆಯ ಜಾಗ ಹುಡುಕಿ ಬದುಕಿಕೊಂಡ ಮೀನು. ಸತ್ತವುಗಳ ಸಂಖ್ಯೆ ದೊಡ್ಡದಾದಷ್ಟೂ ಉಳಿದವುಗಳ ಬೆಲೆ ಏರುತ್ತದೆ. ಪ್ರಕೃತಿಯ ಕೈಯಿಂದ ತಪ್ಪಿಸಿಕೊಂಡವನ್ನು ನಾವು ಹುಡುಕಿಕೊಂಡು ಹೋಗುವುದಕ್ಕೆ ಪ್ರಕೃತಿಯ ಕ್ರೌರ್ಯ ಸಮರ್ಥನೆಯಾಗಲಾರದು. ಟೆಕ್ಸಾಸ್ ಆ ಚಳಿಯ ನಂತರ ಸೀಟ್ರೌಟ್ ಹಿಡಿಯುವ ಮಿತಿಯನ್ನು ತುರ್ತಾಗಿ ಬಿಗಿ ಮಾಡಿದ್ದರ ಹಿಂದಿನ ತರ್ಕವೂ ಇದೇ.

ಮೂರನೆಯ ಆಕ್ಷೇಪ ಹೊಟ್ಟೆಪಾಡಿನದು, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಚಳಿಗಾಲ ದುಡಿಮೆಯ ಕಾಲ. ಗಿರಾಕಿ ತಿಂಗಳ ಮೊದಲೇ ವಿಮಾನದ ಟಿಕೆಟ್, ಹೋಟೆಲ್ ಎಲ್ಲ ಗೊತ್ತು ಮಾಡಿ ಬಂದಿರುತ್ತಾರೆ. ಆ ದಿನ ರದ್ದಾದರೆ ಗೈಡ್‌ಗೆ ಇಂಧನ, ದೋಣಿಯ ಕಂತು ಯಾವುದಕ್ಕೂ ಬಿಡುವಿಲ್ಲ. ಆದರೆ ಚಳಿಯ ದಿನ ದೋಣಿ ಕಟ್ಟಿಹಾಕಿ ಕೂರಬೇಕೆಂದು ಯಾರೂ ಹೇಳುತ್ತಿಲ್ಲ. ಚಳಿ ತಡೆಯಬಲ್ಲ ಶೀಪ್ಸ್‌ಹೆಡ್, ಬ್ಲ್ಯಾಕ್ ಡ್ರಮ್, ಸೀಟ್ರೌಟ್‌ಗಳು ಇವೆ. ಸೇತುವೆಯ ಕಂಬ, ಆಳದ ಕಾಲುವೆಗಳ ಅಂಚಿನಲ್ಲಿ ಅವು ಸಿಗುತ್ತವೆ, ಅಡುಗೆಗೂ ರುಚಿ. ಗಿರಾಕಿ ಸ್ನೂಕ್ ಬೇಕೆಂದು ಹಟ ಹಿಡಿದಾಗ ಈ ದಿನ ಅದು ಬೇಡ ಎಂದು ವಿವರಿಸಿ ಒಪ್ಪಿಸುವುದು ಗಾಳ ಕಟ್ಟುವಷ್ಟೇ ಕಸುಬಿನ ಭಾಗ. ನೀರು ಕೆಳಗಿಳಿದ ಆ ದಿನಗಳಲ್ಲಿ ಗೈಡ್‌ಗಳ ಸಂಯಮ ಇನ್ನೊಂದು ಕಡೆಯೂ ಬೇಕಾಗುತ್ತದೆ. ಫ್ಲೋರಿಡಾ ಕೊಲ್ಲಿಯ ಕಡಲಹುಲ್ಲಿನ ಮೇಲೆ ದೋಣಿಗಳ ಪ್ರೊಪೆಲ್ಲರ್ ಕೊರೆದ ಗಾಯಗಳನ್ನು ಉದ್ಯಾನ ವೈಮಾನಿಕ ಚಿತ್ರಗಳಿಂದ ಅಳೆದು 2008ರಲ್ಲಿ ವರದಿ ಮಾಡಿತು; ಒಟ್ಟು ಉದ್ದ ಸುಮಾರು 325 ಮೈಲಿ, 520 ಕಿಲೋಮೀಟರ್‌ಗೂ ಹೆಚ್ಚು. ಮೀನಿನ ಮರಿ, ಸಿಗಡಿ, ಏಡಿ ಬೆಳೆಯುವುದು ಆ ಹುಲ್ಲಿನಲ್ಲೇ. 2011ರಿಂದ ಸ್ನೇಕ್ ಬೈಟ್ ಎಂಬ ಭಾಗದಲ್ಲಿ ಎಂಜಿನ್ ನಿಲ್ಲಿಸಿ ಗಳದಿಂದಲೋ ಪುಟ್ಟ ವಿದ್ಯುತ್ ಮೋಟರಿನಿಂದಲೋ ಸಾಗಬೇಕೆಂಬ ನಿಯಮ ಬಂತು. ಆಗಲೂ ಹೊಟ್ಟೆಪಾಡಿನ ಮಾತು ಕೇಳಿಬಂದಿತ್ತು. ಇಂದು ಅಲ್ಲಿ ಸದ್ದಿಲ್ಲದೆ ದೋಣಿ ದೂಡಬಲ್ಲ ಗೈಡ್‌ಗಳಿಗೇ ಆ ನಿಯಮದ ಲಾಭ ಸಿಕ್ಕಿದೆ ಎಂದು ನನ್ನ ಎಣಿಕೆ.

ನಮ್ಮ ಓದುಗರಲ್ಲಿ ಕೆಲವರಿಗೆ ಇದಕ್ಕಿಂತ ಮೂಲದ ಪ್ರಶ್ನೆಯೊಂದು ಏಳಬಹುದು: ತಿನ್ನಲಿಕ್ಕೂ ಅಲ್ಲದೆ, ಮೋಜಿಗಾಗಿ ಮೀನಿನ ಬಾಯಿಗೆ ಕೊಕ್ಕೆ ಸಿಕ್ಕಿಸುವುದೇ ತಪ್ಪಲ್ಲವೇ? ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ಮೀನಿಗೆ ಅಕ್ಕಿ ಹಾಕಿ ಕೈಮುಗಿಯುವ ನಾಡಿನಲ್ಲಿ ಈ ಪ್ರಶ್ನೆ ಸಹಜ. ಅದಕ್ಕೆ ಪೂರ್ಣ ಉತ್ತರ ನನ್ನಲ್ಲಿಲ್ಲ. ಆದರೆ ಕಾವೇರಿಯ ಕಥೆಯನ್ನು ಪಕ್ಕದಲ್ಲಿಟ್ಟು ನೋಡಬೇಕು. ಗಾಲಿಬೋರೆ ಶಿಬಿರದಲ್ಲಿ ಮಹಶೀರ್ ಹಿಡಿದು ಬಿಡುತ್ತಿದ್ದವರು 1998ರಿಂದ 2012ರವರೆಗೆ ಬರೆದಿಟ್ಟ ದಾಖಲೆಗಳನ್ನು ವಿಜ್ಞಾನಿಗಳು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. ಗೂನುಬೆನ್ನಿನ ಕಾವೇರಿ ಮಹಶೀರ್ ಕಣ್ಮರೆಯಾಗುತ್ತ, ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚುತ್ತ ಬಂದದ್ದು ಆ ದಾಖಲೆಗಳಿಂದ ಬೆಳಕಿಗೆ ಬಂತು. 2018ರಲ್ಲಿ ಆ ಗೂನುಮೀನನ್ನು ತೀರ ಅಪಾಯದ ಅಂಚಿನಲ್ಲಿರುವ ತಳಿಯೆಂದು ಜಾಗತಿಕ ಕೆಂಪು ಪಟ್ಟಿಗೆ ಸೇರಿಸಲಾಯಿತು. ಸಂರಕ್ಷಿತ ಅರಣ್ಯದೊಳಗೆ ಗಾಳದ ಬೇಟೆ ನಿಂತ ಮೇಲೆ ಆ ದಾಖಲೆಯೂ ನಿಂತಿತು. ನದಿಗೆ ಸಿಡಿಮದ್ದು ಹಾಕುವವರ ಮೇಲಿದ್ದ ಕಣ್ಗಾವಲೂ ಹೋಯಿತೆಂದು ವಾದಿಸುವವರಿದ್ದಾರೆ. ಎವರ್‌ಗ್ಲೇಡ್ಸ್‌ನಲ್ಲೂ 1958ರಿಂದ ದೋಣಿಗಟ್ಟೆಯಲ್ಲಿ ಗಾಳದವರನ್ನು ಕೇಳಿ ಏನು ಸಿಕ್ಕಿತು, ಏನು ಬಿಟ್ಟಿರಿ ಎಂದು ಬರೆದುಕೊಳ್ಳುವ ಪದ್ಧತಿಯಿದೆ, ಗೈಡ್‌ಗಳೂ ತಮ್ಮ ಪ್ರತಿ ಪ್ರಯಾಣದ ಲೆಕ್ಕ ಒಪ್ಪಿಸಬೇಕು. ಮೀನಿನ ಜೊತೆ ದಿನವೂ ಬದುಕುವ, ಲೆಕ್ಕ ಇಡುವ ಒಂದು ಕಸುಬಿನ ಗುಂಪು ನೀರಿನ ಮೇಲೆ ಇರುವುದರಿಂದ ಒಟ್ಟಿನಲ್ಲಿ ಮೀನಿಗೇ ಒಳಿತೆಂದು ನಾನು ನಂಬುತ್ತೇನೆ. ಹಾಗೆ ನಂಬುವುದರಿಂದಲೇ ಅವರಿಂದ ಹೆಚ್ಚಿನದನ್ನು ಕೇಳುತ್ತಿದ್ದೇನೆ.

ಭೂಮಿ ಬಿಸಿಯಾಗುತ್ತಿರುವಾಗ ಚಳಿಯ ಚಿಂತೆ ಏಕೆ ಎನ್ನುವವರೂ ಇದ್ದಾರೆ. ಚಳಿಗಾಲಗಳು ಮೃದುವಾದಂತೆ ಸ್ನೂಕ್ ಉತ್ತರಕ್ಕೆ ಹೆಜ್ಜೆಯಿಟ್ಟಿದ್ದು ನಿಜ. ಮೊದಲು ಅಪರೂಪವಾಗಿದ್ದ ಸೀಡರ್ ಕೀ ಊರಿನ ಸುತ್ತ ಅದು ಈಗ ನೆಲೆಯೂರಿ ಮರಿ ಮಾಡುತ್ತಿರುವುದನ್ನು ಸಂಶೋಧಕರು 2020ರಲ್ಲಿ ದಾಖಲಿಸಿದರು. ಆದರೆ ಸರಾಸರಿ ಬಿಸಿ ಏರಿತೆಂದ ಮಾತ್ರಕ್ಕೆ ಹತ್ತು ಹದಿನೈದು ವರ್ಷಕ್ಕೊಮ್ಮೆ ಬರುವ ಕಡು ಚಳಿ ಮಾಯವಾಗುವುದಿಲ್ಲ. 2021ರ ಟೆಕ್ಸಾಸ್ ಅದಕ್ಕೆ ಸಾಕ್ಷಿ. ಹತ್ತು ಬೆಚ್ಚನೆಯ ಚಳಿಗಾಲಗಳನ್ನು ನಂಬಿ ಉತ್ತರಕ್ಕೆ ಹೋದ ಮೀನು ಹನ್ನೊಂದನೆಯದರಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಅಲ್ಲಿ ಅದನ್ನು ಕಾಯುವುದು ಬುಗ್ಗೆಗಳ, ಕಾಲುವೆಗಳ ಕೆಲವೇ ಬೆಚ್ಚನೆಯ ತಾವುಗಳು. ಮೀನಿನ ಸೀಮೆ ಹಿಗ್ಗಿದಷ್ಟೂ ಅಂಚಿನ ಆಸರೆಗಳ ಮಹತ್ವವೂ ಹಿಗ್ಗುತ್ತದೆ.

ಹಾಗಾದರೆ ನಿಯಮ ಹೇಗಿರಬೇಕು? ಫ್ಲೋರಿಡಾದ ಈಗಿನ ನಿಷೇಧ ಪಂಚಾಂಗವನ್ನು ನೋಡಿ ನಡೆಯುತ್ತದೆ: ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ. ತುರ್ತು ಆದೇಶ ಬಂದರೂ ಸಾಮಾನ್ಯವಾಗಿ ಸಾವು ಕಂಡ ಮೇಲೆ ಬರುತ್ತದೆ. ಮೀನು ನೋಡುವುದು ಪಂಚಾಂಗವನ್ನಲ್ಲ, ನೀರಿನ ಬಿಸಿಯನ್ನು. ಟೆಕ್ಸಾಸ್ ಇದನ್ನು ಅರಿತು ಬೇರೆ ದಾರಿ ಹಿಡಿದಿದೆ. ಕಡು ಚಳಿಗೆ ಮೀನು ಬಂದು ಸೇರುವ ಬಂದರು, ಹಡಗುಕಾಲುವೆ, ಆಳದ ಹಿನ್ನೀರುಗಳನ್ನು ಅಲ್ಲಿನ ಇಲಾಖೆ ಮೊದಲೇ ಪಟ್ಟಿ ಮಾಡಿಟ್ಟಿದೆ. ಹಿಮಗಾಳಿಯ ಮುನ್ಸೂಚನೆ ಬಂದಾಗ ಆ ಜಾಗಗಳಲ್ಲಿ ಮಾತ್ರ ಗಾಳ ಹಾಕುವುದನ್ನು, ಹಿಡಿದು ಬಿಡುವುದನ್ನೂ ಸೇರಿಸಿ, ಕೆಲವು ದಿನ ನಿಲ್ಲಿಸುತ್ತದೆ; ನೀರು ಕಾದೊಡನೆ ಮತ್ತೆ ತೆರೆಯುತ್ತದೆ. 2018ರ ಜನವರಿಯ ಮೊದಲ ದಿನಗಳಲ್ಲಿ ಹೀಗೆಯೇ ಮಾಡಿತು. ಉಳಿದ ಕರಾವಳಿ ಆ ದಿನಗಳಲ್ಲೂ ತೆರೆದೇ ಇತ್ತು. ಎವರ್‌ಗ್ಲೇಡ್ಸ್‌ನ ಕಾಂಡ್ಲಾ ಗೋಜಲಿನಲ್ಲಿ ಇಂಥ ಪಟ್ಟಿ ಮಾಡುವುದು ಟೆಕ್ಸಾಸ್‌ನ ಬಂದರುಗಳಷ್ಟು ಸುಲಭವಲ್ಲ. ಆಸರೆಯ ತಾವುಗಳು ನೂರಾರು, ಸಣ್ಣಸಣ್ಣವು, ವರ್ಷದಿಂದ ವರ್ಷಕ್ಕೆ ಬದಲಾಗುವಂಥವು. ಅವನ್ನು ಬಲ್ಲವರು ಗೈಡ್‌ಗಳೇ. ತಮ್ಮ ಗುಟ್ಟಿನ ಮಡುಗಳನ್ನು ಬಹಿರಂಗಪಡಿಸಲು ಅವರು ಹಿಂಜರಿಯುವುದು ಸಹಜ. ಹಾಗಾಗಿ ಜಾಗವನ್ನು ಹೆಸರಿಸುವ ಬದಲು ನೀರಿನ ಬಿಸಿಯನ್ನೇ ಗೆರೆಯಾಗಿ ಇಟ್ಟುಕೊಳ್ಳಬಹುದು. ನೀರು 15 ಡಿಗ್ರಿಗಿಂತ ಕೆಳಗಿದ್ದ ದಿನ ಸ್ನೂಕ್ ಗುರಿಯಾಗಿಟ್ಟು ಗಾಳ ಹಾಕುವಂತಿಲ್ಲ ಎಂದು ಉದ್ಯಾನ ಕೊಡುವ ಅನುಮತಿಯ ಷರತ್ತುಗಳಲ್ಲಿ ಒಂದು ಸಾಲು ಸೇರಿಸಿದರೆ ಸಾಕು. ಆ ಬಿಸಿಯನ್ನು ಅಳೆಯುವ ಮಾಪಕ ಇಂದಿನ ಬಹುತೇಕ ದೋಣಿಗಳ ಆಳ ತೋರಿಸುವ ಯಂತ್ರದಲ್ಲೇ ಇದೆ. ಅದೇ ಅಂಕಿಯನ್ನು ಪ್ರಯಾಣದ ಲೆಕ್ಕದ ಜೊತೆಗೆ ಒಪ್ಪಿಸಿದರೆ ಯಾವ ತೊರೆ ಎಷ್ಟು ಬೇಗ ತಣಿಯುತ್ತದೆ, ಎಷ್ಟು ಬೇಗ ಕಾಯುತ್ತದೆ ಎಂಬ ವಿವರ ಮುಂದಿನ ಕಡು ಚಳಿ ಬರುವ ಹೊತ್ತಿಗೆ ಆಯೋಗದ ಕೈಯಲ್ಲೂ ಇರುತ್ತದೆ.